ಒಂದೇ ತರಂಗಕ್ಕೆ ಎರಡು ಕಾರಣಗಳು ಹೊಂದಿದಾಗ: ಕಣ್ಣಿನ ಚಲನೆಯ ಕಂಪ್ಯೂಟರ್ ಮಾದರಿಯಿಂದ ದೋಷದ ಜಾಗವನ್ನು ಗುರುತಿಸುವುದು ಹೇಗೆ?

ಪ್ರಶ್ನೆ | ತರಂಗಾನ್ವೇಷಿ

ಎಲ್ಲರಿಗೂ ನಮಸ್ಕಾರ. ನಾನು ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಸಂಶೋಧನಾ ವಿದ್ಯಾರ್ಥಿ. ನರರೋಗಗಳಲ್ಲಿ ಕಣ್ಣಿನ ಚಲನೆ ಕೆಡುವ ಬಗೆಯನ್ನು ಕಂಪ್ಯೂಟರ್ ಮಾದರಿಯ ಮೂಲಕ ಅರಿಯುವುದು ನನ್ನ ಅಧ್ಯಯನದ ವಿಷಯ. ಹೆಸರು ಮತ್ತು ಗುರುತುಗಳನ್ನು ತೆಗೆದುಹಾಕಿದ ಕೆಲವು ರೋಗಿಗಳ ದಾಖಲೆಗಳು ನನಗೆ ದೊರೆತಿವೆ. ಅವರಲ್ಲಿ ಹೆಚ್ಚಿನವರಿಗೆ ಕಿರುಮೆದುಳಿನ ಕಾಯಿಲೆ ಇದೆ, ಉಳಿದವರಿಗೆ ಮೆದುಳುಕಾಂಡಕ್ಕೆ ಸಂಬಂಧಿಸಿದ ತೊಂದರೆಗಳಿವೆ.

ನಾನು ಬಳಸುತ್ತಿರುವುದು ಕಣ್ಣಿನ ಚಲನೆಗೆ ಗಣಿತದ ಮಾದರಿಗಳನ್ನು ಕಟ್ಟಿದ ಡೇವಿಡ್ ರಾಬಿನ್ಸನ್ ಅವರ ಪರಂಪರೆಯ ಸರಳ ಮಾದರಿ. ಸ್ಯಾಕೇಡ್ ಎಂಬ ಕ್ಷಿಪ್ರ ನೆಗೆತಕ್ಕೆ ಬರ್ಸ್ಟ್ ನರಕೋಶಗಳು ಒಂದು ವೇಗದ ಸಂಕೇತವನ್ನು, ಅಂದರೆ ಪಲ್ಸ್ ಅನ್ನು ಕೊಡುತ್ತವೆ. ನರಮಂಡಲದ ಇಂಟಿಗ್ರೇಟರ್ ಅದನ್ನು ಕೂಡಿಸಿ, ಕಣ್ಣನ್ನು ಹೊಸ ಜಾಗದಲ್ಲಿ ಹಿಡಿದಿಡುವ ಸ್ಟೆಪ್ ಸಂಕೇತವನ್ನು ತಯಾರಿಸುತ್ತದೆ. ಈ ಎರಡರ ಮೊತ್ತ ಕಣ್ಣಿನ ಸ್ನಾಯುಗಳಿಗೆ ಹೋಗುತ್ತದೆ. ಸ್ನಾಯುಗಳನ್ನೂ ಕಣ್ಣುಗುಡ್ಡೆಯನ್ನೂ ಸೇರಿಸಿ, ಸುಮಾರು 0.2 ಸೆಕೆಂಡ್ ಮತ್ತು 0.015 ಸೆಕೆಂಡ್‌ಗಳ ಎರಡು ಕಾಲಸ್ಥಿರಾಂಕಗಳಿರುವ (ಬದಲಾವಣೆ ಎಷ್ಟು ಬೇಗ ಕರಗುತ್ತದೆ ಎಂಬುದರ ಅಳತೆ) ವ್ಯವಸ್ಥೆಯಾಗಿ ಬರೆದುಕೊಂಡಿದ್ದೇನೆ.

ನನ್ನ ಮೊದಲ ತೊಡಕು ಇದು. ಒಬ್ಬ ರೋಗಿ 20 ಡಿಗ್ರಿ ಬಲಕ್ಕೆ ನೋಡಿದಾಗ ಕಣ್ಣು ನಿಧಾನವಾಗಿ ನಡುವಿನತ್ತ ಜಾರುತ್ತದೆ, ಮತ್ತೆ ಸ್ಯಾಕೇಡ್‌ನಿಂದ ಬಲಕ್ಕೆ ಹಾರುತ್ತದೆ, ಮತ್ತೆ ಜಾರುತ್ತದೆ. ಇಂಟಿಗ್ರೇಟರ್‌ನ ಕಾಲಸ್ಥಿರಾಂಕವನ್ನು 2 ಸೆಕೆಂಡ್‌ಗೆ ಇಳಿಸಿದರೆ ಮಾದರಿ ನಿಸ್ಟಾಗ್ಮಸ್ ಎಂಬ ಈ ಜಾರುವಿಕೆ-ನೆಗೆತಗಳ ಸರಣಿಯನ್ನು ಚೆನ್ನಾಗಿಯೇ ಮೂಡಿಸುತ್ತದೆ. ಆದರೆ ಇಂಟಿಗ್ರೇಟರ್ ಅನ್ನು ಆರೋಗ್ಯವಂತರಲ್ಲಿರುವಂತೆ 25 ಸೆಕೆಂಡ್‌ನಲ್ಲೇ ಬಿಟ್ಟು, ಒಳಕಿವಿಯ ಸಮತೋಲನ ವ್ಯವಸ್ಥೆಯಿಂದ ಎಡಕ್ಕೆ ಸೆಕೆಂಡ್‌ಗೆ 10 ಡಿಗ್ರಿಯಷ್ಟು ಏಕಪ್ರಕಾರದ ಸೆಳೆತವಿದೆ ಎಂದು ಕೊಟ್ಟರೂ ತರಂಗ ಬಹುತೇಕ ಹಾಗೆಯೇ ಬರುತ್ತದೆ. ಎರಡರ ದೋಷಮೊತ್ತಗಳ ನಡುವಿನ ವ್ಯತ್ಯಾಸ ದಾಖಲೆಯ ಗದ್ದಲದೊಳಗೇ ಮುಳುಗಿಹೋಗುತ್ತದೆ.

ಎರಡನೆಯದು ಬೇರೊಬ್ಬ ರೋಗಿಯದು. 20 ಡಿಗ್ರಿಯ ಸ್ಯಾಕೇಡ್‌ಗೆ ಸಾಮಾನ್ಯವಾಗಿ ಸೆಕೆಂಡ್‌ಗೆ 400 ಡಿಗ್ರಿ ಆಸುಪಾಸಿನ ಗರಿಷ್ಠ ವೇಗ ಇರಬೇಕಾದಲ್ಲಿ ಇವರಲ್ಲಿ 150 ಕೂಡ ದಾಟುವುದಿಲ್ಲ. ಬರ್ಸ್ಟ್ ನರಕೋಶಗಳ ಶಕ್ತಿಯನ್ನು ತಗ್ಗಿಸಿದರೂ ಇದು ಹೊಂದುತ್ತದೆ, ಅವುಗಳಿಗೆ ಮೇಲಿನಿಂದ ಬರುವ ಆದೇಶವನ್ನು ದುರ್ಬಲಗೊಳಿಸಿದರೂ ಹೊಂದುತ್ತದೆ.

ಹೀಗೆ ಎರಡು ವಿವರಣೆಗಳೂ ಸಮನಾಗಿ ಹೊಂದುವಾಗ ಯಾವುದನ್ನು ನಂಬಬೇಕು? ತೊಂದರೆ ಇರುವುದು ಮಾದರಿಯಲ್ಲೋ ದಾಖಲೆಯಲ್ಲೋ, ಅಥವಾ ಪ್ಯಾರಾಮೀಟರ್‌ನಿಂದ ಕಾಯಿಲೆಯ ಜಾಗವನ್ನು ಓದಬಹುದೆಂಬ ನನ್ನ ನಿರೀಕ್ಷೆಯಲ್ಲೋ? ಇಂಥ ಮಾದರಿಗಳನ್ನು ಬಿಟ್ಟು ನೇರವಾಗಿ ಡೀಪ್ ಲರ್ನಿಂಗ್ ವರ್ಗೀಕರಣಕ್ಕೆ ಹೋಗು ಎಂದು ಕೆಲವರು ಸಲಹೆ ಕೊಡುತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ | ಮೆದುಳುಕಾಂಡ

ನರ-ನೇತ್ರ ವಿಜ್ಞಾನದಲ್ಲಿ ಕೆಲಸ ಮಾಡುವವಳಾಗಿ ನಿಮ್ಮ ಮೊದಲ ತೊಡಕಿಗೆ ಉತ್ತರಿಸುತ್ತೇನೆ. ಮಾದರಿಯಲ್ಲಿ ತಪ್ಪಿಲ್ಲ. ನೋಟದ ಒಂದೇ ಸ್ಥಾನದಲ್ಲಿ ಪಡೆದ ದಾಖಲೆಗೆ ಈ ಎರಡು ಕಾರಣಗಳನ್ನು ಬೇರ್ಪಡಿಸುವ ಶಕ್ತಿಯೇ ಇಲ್ಲ ಎಂಬುದನ್ನು ನಿಮ್ಮ ಮಾದರಿ ಪ್ರಾಮಾಣಿಕವಾಗಿ ಹೇಳುತ್ತಿದೆ.

ನೀವು ಕೊಟ್ಟ ಸಂಖ್ಯೆಗಳಿಂದಲೇ ಲೆಕ್ಕ ಹಾಕಿ ನೋಡೋಣ. ಕಾಲಸ್ಥಿರಾಂಕ 2 ಸೆಕೆಂಡ್ ಇರುವ, ಸೋರುವ, ಅಂದರೆ ಹಿಡಿದ ಸಂಕೇತವನ್ನು ಕ್ರಮೇಣ ಕಳೆದುಕೊಳ್ಳುವ ಇಂಟಿಗ್ರೇಟರ್‌ನಲ್ಲಿ ಕಣ್ಣು 20 ಡಿಗ್ರಿಯಲ್ಲಿರುವಾಗ ಜಾರುವ ವೇಗ 20 ಭಾಗಿಸು 2, ಅಂದರೆ ಸೆಕೆಂಡ್‌ಗೆ 10 ಡಿಗ್ರಿ. ನಿಧಾನ ಹಂತ, ಅಂದರೆ ಎರಡು ನೆಗೆತಗಳ ನಡುವಿನ ಜಾರುವಿಕೆ, 0.3 ಸೆಕೆಂಡ್ ನಡೆಯಿತೆಂದುಕೊಂಡರೆ ಅದರ ಕೊನೆಗೆ ವೇಗ ಸುಮಾರು 8.6ಕ್ಕೆ ಇಳಿದಿರುತ್ತದೆ, ಕಣ್ಣು ಒಟ್ಟು ಸುಮಾರು 2.8 ಡಿಗ್ರಿ ಜಾರಿರುತ್ತದೆ. ಏಕಪ್ರಕಾರದ ಸೆಳೆತವಾದರೆ ಅದೇ ಅವಧಿಯಲ್ಲಿ 3 ಡಿಗ್ರಿ ಜಾರಿರುತ್ತದೆ. ಇವೆರಡರ ನಡುವೆ ಉಳಿಯುವುದು 0.2 ಡಿಗ್ರಿ. ನಿಸ್ಟಾಗ್ಮಸ್ ಇರುವ ರೋಗಿಯಲ್ಲಿ ಕ್ಯಾಲಿಬ್ರೇಶನ್ನಿನ ಅನಿಶ್ಚಿತತೆಯೇ ಇದಕ್ಕಿಂತ ಹೆಚ್ಚಿರುವುದು ಸಾಮಾನ್ಯ, ಏಕೆಂದರೆ ಗುರಿಯ ಮೇಲೆ ಕಣ್ಣು ನಿಲ್ಲುವುದೇ ಇಲ್ಲ. ನಿಧಾನ ಹಂತದ ರೇಖೆ ಬಾಗಿದೆಯೋ ನೇರವಾಗಿದೆಯೋ ಎಂದು ಕಣ್ಣಳತೆಯಲ್ಲಿ ತೀರ್ಮಾನಿಸುವ ಪಾಠ ಪುಸ್ತಕಗಳಲ್ಲಿದೆ, ಆದರೆ ಇಷ್ಟು ಚಿಕ್ಕ ಹಂತಗಳಲ್ಲಿ ಅದನ್ನು ನಂಬಲಾಗದು.

ಈಗ ಅದೇ ರೋಗಿ 20 ಡಿಗ್ರಿ ಎಡಕ್ಕೆ ನೋಡಲಿ. ಸೋರಿಕೆಯೇ ಕಾರಣವಾಗಿದ್ದರೆ ಕಣ್ಣು ಬಲಕ್ಕೆ, ನಡುವಿನ ಕಡೆಗೆ ಜಾರಬೇಕು. ಸೆಳೆತವೇ ಕಾರಣವಾಗಿದ್ದರೆ ಹಿಂದಿನಂತೆ ಎಡಕ್ಕೇ ಜಾರಬೇಕು. ಒಂದು ಸ್ಥಾನದಲ್ಲಿ ಬೇರ್ಪಡಿಸಲಾಗದ ಎರಡು ಕಾರಣಗಳು ಎದುರು ಸ್ಥಾನದಲ್ಲಿ ವಿರುದ್ಧ ದಿಕ್ಕುಗಳನ್ನು ಹಿಡಿಯುತ್ತವೆ. ಆದ್ದರಿಂದ ಬಲಕ್ಕೆ 30ರಿಂದ ಎಡಕ್ಕೆ 30 ಡಿಗ್ರಿಯವರೆಗೆ ಹಲವು ಸ್ಥಾನಗಳಲ್ಲಿ ನಿಧಾನ ಹಂತದ ವೇಗವನ್ನು ಅಳೆಯಿರಿ. ಅಡ್ಡ ಅಕ್ಷದಲ್ಲಿ ಕಣ್ಣಿನ ಸ್ಥಾನವನ್ನು, ಲಂಬ ಅಕ್ಷದಲ್ಲಿ ವೇಗವನ್ನು ಗುರುತಿಸಿ ಒಂದು ರೇಖೆ ಎಳೆಯಿರಿ. ರೇಖೆಯ ಇಳಿಜಾರು ಇಂಟಿಗ್ರೇಟರ್‌ನ ಕಾಲಸ್ಥಿರಾಂಕದ ವಿಲೋಮವನ್ನು ಕೊಡುತ್ತದೆ. ನೇರ ನೋಟದಲ್ಲಿ ಉಳಿಯುವ ವೇಗವೇ ಸೆಳೆತದ ಪ್ರಮಾಣ. ರೇಖೆ ಸೊನ್ನೆಯನ್ನು ದಾಟುವ ಜಾಗದಲ್ಲಿ ರೋಗಿಯ ಕಣ್ಣು ಶಾಂತವಾಗಿರುತ್ತದೆ. ಎಷ್ಟೋ ರೋಗಿಗಳು ತಿಳಿಯದೆಯೇ ತಲೆಯನ್ನು ತಿರುಗಿಸಿ ಆ ಜಾಗವನ್ನು ಬಳಸಿಕೊಳ್ಳುತ್ತಿರುತ್ತಾರೆ, ಆದ್ದರಿಂದ ರೋಗಿ ತಲೆಯನ್ನು ಹೇಗೆ ಹಿಡಿದುಕೊಂಡು ಕೂರುತ್ತಾರೆ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಇದನ್ನು ಬೆಳಕಿನಲ್ಲಿಯೂ ಪೂರ್ಣ ಕತ್ತಲೆಯಲ್ಲಿಯೂ ಮಾಡುವುದು ಅಗತ್ಯ. ಗುರಿ ಕಾಣುತ್ತಿರುವಾಗ ದೃಷ್ಟಿಯೇ ಜಾರುವಿಕೆಯನ್ನು ಭಾಗಶಃ ತಡೆಯುತ್ತದೆ. ಒಳಕಿವಿಯ ಅಥವಾ ಅದರ ನರದ ಕಾಯಿಲೆಯಿಂದ ಬಂದ ನಿಸ್ಟಾಗ್ಮಸ್ ಅಂತೂ ಬೆಳಕಿನಲ್ಲಿ ಬಹುಪಾಲು ಅಡಗಿರಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಳಿಜಾರು ಕಂಡ ಕೂಡಲೇ ಕಿರುಮೆದುಳಿಗೆ ಬೊಟ್ಟು ಮಾಡಬೇಡಿ. ಒಂದು ಕಿವಿಯ ಸಮತೋಲನ ಅಂಗ ಹಠಾತ್ತನೆ ಕೆಟ್ಟವರಲ್ಲಿ, ವೇಗದ ಹಂತದ, ಅಂದರೆ ಮರಳಿ ಹಾರುವ ನೆಗೆತದ ದಿಕ್ಕಿಗೆ ನೋಡಿದಾಗ ನಿಸ್ಟಾಗ್ಮಸ್ ಜೋರಾಗುತ್ತದೆ, ಅದರ ಎದುರು ದಿಕ್ಕಿಗೆ ನೋಡಿದಾಗ ತಗ್ಗುತ್ತದೆ. ಅಲೆಕ್ಸಾಂಡರ್ ನಿಯಮ ಎಂದು ಕರೆಯುವುದು ಇದನ್ನೇ. ಸೆಳೆತದ ಪರಿಣಾಮವನ್ನು ಒಂದು ದಿಕ್ಕಿನಲ್ಲಾದರೂ ತಗ್ಗಿಸಲು ಮೆದುಳು ತನ್ನ ಇಂಟಿಗ್ರೇಟರ್ ಅನ್ನು ತಾನೇ ಸೋರುವಂತೆ ಹೊಂದಿಸಿಕೊಳ್ಳುತ್ತದೆ ಎಂದು ರಾಬಿನ್ಸನ್ ಮತ್ತು ಸಂಗಡಿಗರು 1984ರಲ್ಲಿ ವಿವರಿಸಿದರು. ಅಂದರೆ ಕಾಯಿಲೆ ಕಿವಿಯಲ್ಲಿದ್ದರೂ ನಿಮ್ಮ ರೇಖೆಯಲ್ಲಿ ಇಳಿಜಾರು ಬರಬಹುದು. ಅಂಥವರಲ್ಲಿ ಸೆಳೆತ ದೊಡ್ಡದಾಗಿರುವುದರಿಂದ ನೋಟ ಎತ್ತ ಹೊರಳಿದರೂ ವೇಗದ ಹಂತದ ದಿಕ್ಕು ಬದಲಾಗುವುದಿಲ್ಲ. ಜೊತೆಗೆ ಹಾಲ್ಮಾಗಿ ಮತ್ತು ಕರ್ಟಾಯ್ಸ್ 1988ರಲ್ಲಿ ವಿವರಿಸಿದ, ತಲೆಯನ್ನು ಚಿಕ್ಕದಾಗಿ ಚುರುಕಾಗಿ ತಿರುಗಿಸಿ ಕಣ್ಣು ಗುರಿಯನ್ನು ಬಿಡುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ದೋಷ ಕಾಣುತ್ತದೆ.

ಇನ್ನು ಪ್ಯಾರಾಮೀಟರ್‌ನಿಂದ ಜಾಗವನ್ನು ಓದುವ ವಿಚಾರ. ಅಡ್ಡ ಚಲನೆಯ ಇಂಟಿಗ್ರೇಟರ್ ಮೆದುಳುಕಾಂಡದ ನ್ಯೂಕ್ಲಿಯಸ್ ಪ್ರಿಪೋಸಿಟಸ್ ಹೈಪೊಗ್ಲಾಸಿ ಮತ್ತು ಅದರ ಪಕ್ಕದ ಮೀಡಿಯಲ್ ವೆಸ್ಟಿಬ್ಯುಲರ್ ನ್ಯೂಕ್ಲಿಯಸ್‌ನಲ್ಲಿದೆ. ಮೇಲೆ ಕೆಳಗಿನ ಚಲನೆಗೆ ಇಂಟರ್‌ಸ್ಟಿಶಿಯಲ್ ನ್ಯೂಕ್ಲಿಯಸ್ ಆಫ್ ಕಹಾಲ್ ಬೇಕು. ಕಿರುಮೆದುಳಿನ ಫ್ಲಾಕ್ಯುಲಸ್ ಇವೆಲ್ಲವನ್ನು ತಿದ್ದಿ ತೀಡುತ್ತಿರುತ್ತದೆ. ಒಂಟಿ ನರಕೋಶ ಇಪ್ಪತ್ತು ಸೆಕೆಂಡ್ ನೆನಪಿಟ್ಟುಕೊಳ್ಳಲಾರದು. ಕೋಶಗಳು ಒಂದನ್ನೊಂದು ಪ್ರಚೋದಿಸುವುದರಿಂದ ಜಾಲಕ್ಕೆ ಆ ನೆನಪು ಬರುತ್ತದೆ, ಕ್ಯಾನನ್ ಮತ್ತು ರಾಬಿನ್ಸನ್ 1980ರ ದಶಕದಲ್ಲಿ ಕಟ್ಟಿದ ಜಾಲಮಾದರಿಗಳ ತಿರುಳು ಇದೇ. ಇದರ ಪರಿಣಾಮ ಎಷ್ಟು ಸೂಕ್ಷ್ಮವೆಂದು ಒಂದು ಲೆಕ್ಕದಿಂದ ತೋರಿಸುತ್ತೇನೆ. ಒಂಟಿ ಕೋಶದ ಕಾಲಸ್ಥಿರಾಂಕ 0.1 ಸೆಕೆಂಡ್, ಜಾಲದೊಳಗಿನ ಮರುಪ್ರಚೋದನೆಯ ತೂಕ 0.995 ಎಂದು ಇಟ್ಟುಕೊಳ್ಳಿ. ಒಟ್ಟು ಕಾಲಸ್ಥಿರಾಂಕ 0.1 ಅನ್ನು 0.005ರಿಂದ (1ರಲ್ಲಿ 0.995 ಕಳೆದು ಉಳಿದದ್ದು) ಭಾಗಿಸಿದಷ್ಟು, ಅಂದರೆ 20 ಸೆಕೆಂಡ್. ತೂಕ 0.95ಕ್ಕೆ ಇಳಿದರೆ ಅದು 2 ಸೆಕೆಂಡ್ ಆಗುತ್ತದೆ. ಐದು ಪ್ರತಿಶತಕ್ಕೂ ಕಡಿಮೆ ನಷ್ಟ ಹತ್ತು ಪಟ್ಟು ಕೆಡುಕನ್ನು ತಂದಿತು. ತೂಕ 1 ದಾಟಿದರೆ ಜಾಲ ಅಸ್ಥಿರವಾಗಿ, ಕಣ್ಣು ನಡುವಿನಿಂದ ಹೊರಕ್ಕೆ ಏರುವ ವೇಗದಲ್ಲಿ ಓಡುತ್ತದೆ. ಅಂಥ ಏರುವೇಗದ ನಿಧಾನ ಹಂತಗಳನ್ನು ಶೈಶವದಲ್ಲೇ ಶುರುವಾಗುವ ನಿಸ್ಟಾಗ್ಮಸ್‌ನಲ್ಲಿ ಕಾಣುತ್ತೇವೆ.

ಹೀಗಾಗಿ 2 ಸೆಕೆಂಡ್ ಎಂಬ ಅಂಕಿ ಜಾಲ ಸೋರುತ್ತಿದೆ ಎಂದು ಹೇಳುತ್ತದೆಯೇ ಹೊರತು ಸೋರುತ್ತಿರುವುದು ಎಲ್ಲಿ ಎಂದು ಹೇಳುವುದಿಲ್ಲ. ಕೋಶಗಳ ನಾಶ, ಫ್ಲಾಕ್ಯುಲಸ್‌ನ ದೋಷ, ಅಪಸ್ಮಾರದ ಕೆಲವು ಔಷಧಗಳು, ಮದ್ಯ, ಇವುಗಳಲ್ಲಿ ಯಾವುದಾದರೂ ಅದೇ ಅಂಕಿಯನ್ನು ತರಬಲ್ಲದು. ಜಾಗವನ್ನು ಗೊತ್ತುಮಾಡಬೇಕಾದರೆ ಅಡ್ಡ ಚಲನೆಯಲ್ಲಿ ಕಂಡದ್ದು ಲಂಬ ಚಲನೆಯಲ್ಲೂ ಇದೆಯೇ, ಚಲಿಸುವ ಗುರಿಯನ್ನು ಹಿಂಬಾಲಿಸುವ ನಯವಾದ ಚಲನೆ ಕೆಟ್ಟಿದೆಯೇ, ಸ್ಯಾಕೇಡ್ ಮುಗಿದ ಮೇಲೆ ಕಣ್ಣು ಕೊಂಚ ಜಾರುತ್ತದೆಯೇ ಎಂಬುದನ್ನೆಲ್ಲ ಒಂದೇ ಮಾದರಿಯಿಂದ ವಿವರಿಸಬೇಕಾಗುತ್ತದೆ. ಫ್ಲಾಕ್ಯುಲಸ್ ಕೆಟ್ಟಾಗ ಈ ದೋಷಗಳು ಒಟ್ಟಾಗಿ ಬರುತ್ತವೆ.

ಉತ್ತರ | ವೇಗರೇಖೆ

ಮೇಡಂ ಅವರ ವಿವರಣೆಗೆ ಸೇರಿಸುವುದೇನೂ ಇಲ್ಲ. ನಾನು ಎರಡನೆಯ ತೊಡಕನ್ನು, ಅಂದರೆ ನಿಧಾನವಾದ ಸ್ಯಾಕೇಡ್‌ಗಳನ್ನು ತೆಗೆದುಕೊಳ್ಳುತ್ತೇನೆ. ಮಾದರಿಗಳ ನಿಜವಾದ ಬೆಲೆ ಎಲ್ಲಿದೆ ಎಂಬುದನ್ನು ಈ ವಿಷಯದಷ್ಟು ಚೆನ್ನಾಗಿ ಬೇರಾವುದೂ ಕಲಿಸುವುದಿಲ್ಲ ಎಂದು ನನ್ನ ದೃಢ ನಂಬಿಕೆ.

ಸ್ಯಾಕೇಡ್ ಎಂದರೆ ಒಮ್ಮೆ ಎಸೆದ ಮೇಲೆ ತಿದ್ದಲಾಗದ ಚಲನೆ ಎಂದು ಬಹುಕಾಲ ಭಾವಿಸಲಾಗಿತ್ತು. ಅದು ಮುಗಿಯುವುದರೊಳಗೆ ಕಣ್ಣಿನಿಂದ ಹೊಸ ಮಾಹಿತಿ ಬರಲು ಸಮಯವಿಲ್ಲ ಎಂಬುದು ಇದಕ್ಕೆ ಕಾರಣ. ಆದರೆ 1975ರಲ್ಲಿ ರಾಬಿನ್ಸನ್ ಬೇರೆ ಬಗೆಯ ಮಾದರಿಯನ್ನು ಮುಂದಿಟ್ಟರು. ಮೆದುಳು ತಾನು ಕೊಟ್ಟ ಆದೇಶದ ಪ್ರತಿಯನ್ನು ಇಟ್ಟುಕೊಂಡು, ಕಣ್ಣು ಈಗ ಎಲ್ಲಿದೆ ಎಂದು ಒಳಗೇ ಅಂದಾಜು ಮಾಡಿ, ಗುರಿಗೂ ಅದಕ್ಕೂ ಇರುವ ಅಂತರ ಸೊನ್ನೆಯಾಗುವವರೆಗೆ ಬರ್ಸ್ಟ್ ನರಕೋಶಗಳನ್ನು ಓಡಿಸುತ್ತದೆ ಎಂಬುದು ಅದರ ಸಾರ. ಆರೋಗ್ಯವಂತರ ದಾಖಲೆಗಳಿಗೆ ಹಳೆಯ ಮಾದರಿಯೂ ಹೊಸದೂ ಸಮನಾಗಿ ಹೊಂದುತ್ತಿದ್ದವು, ಅಂದರೆ ನಿಮ್ಮ ಇಂದಿನ ಪರಿಸ್ಥಿತಿಯೇ ಅಂದೂ ಇತ್ತು.

ತೀರ್ಮಾನ ಬಂದದ್ದು ರೋಗಿಗಳಿಂದ. ಕಿರುಮೆದುಳು ಮತ್ತು ಬೆನ್ನುಹುರಿ ಕ್ರಮೇಣ ಸವೆಯುವ ಸ್ಪೈನೊಸೆರಿಬೆಲ್ಲಾರ್ ಕಾಯಿಲೆಯಿಂದ ಸ್ಯಾಕೇಡ್‌ಗಳು ಬಹಳ ನಿಧಾನವಾಗಿದ್ದವರನ್ನು ಡೇವಿಡ್ ಝೀ, ಆಪ್ಟಿಕನ್, ರಾಬಿನ್ಸನ್ ಮುಂತಾದವರು ಅಧ್ಯಯನ ಮಾಡಿ 1976ರಲ್ಲಿ ಪ್ರಕಟಿಸಿದರು. ಕಣ್ಣು ದಾರಿಯಲ್ಲಿರುವಾಗಲೇ ಗುರಿಯನ್ನು ಬೇರೆಡೆಗೆ ಹಾರಿಸಿದರೆ, ಈ ರೋಗಿಗಳು ನಡುದಾರಿಯಲ್ಲೇ ಚಲನೆಯನ್ನು ತಿರುಗಿಸಬಲ್ಲವರಾಗಿದ್ದರು. ಅಷ್ಟೇ ಅಲ್ಲ, ವೇಗ ತೀರ ಕುಗ್ಗಿದ್ದರೂ ಚಲನೆ ಬಹಳ ಹೊತ್ತು ಮುಂದುವರಿದು ಗುರಿಯ ಸಮೀಪಕ್ಕೆ ತಲುಪುತ್ತಿತ್ತು. ಪೂರ್ವನಿಗದಿತ ಪಲ್ಸ್‌ನ ಮಾದರಿಗೆ ಇದನ್ನು ವಿವರಿಸಲು ದಾರಿಯೇ ಇರಲಿಲ್ಲ. ಒಳಕುಣಿಕೆಯ, ಅಂದರೆ ಒಳಗೇ ಅಂದಾಜು ಮಾಡಿ ತಿದ್ದಿಕೊಳ್ಳುವ ರಾಬಿನ್ಸನ್ ಅವರ ಮಾದರಿಯಲ್ಲಿ ಬರ್ಸ್ಟ್ ಶಕ್ತಿಯನ್ನು ತಗ್ಗಿಸಿದರೆ ಇವೆರಡೂ ತಾವಾಗಿಯೇ ಮೂಡುತ್ತವೆ.

ಆದ್ದರಿಂದ ನಿಮ್ಮ ರೋಗಿಯಲ್ಲಿ ಮೊದಲು ನೋಡಬೇಕಾದದ್ದು ವೇಗ ಮತ್ತು ನಿಖರತೆಗಳ ಜೋಡಿಯನ್ನು. ಬರ್ಸ್ಟ್ ಕೋಶಗಳೇ ದುರ್ಬಲವಾಗಿದ್ದು ಒಳಕುಣಿಕೆ ಸರಿಯಿದ್ದರೆ ನಿಧಾನ ಆದರೆ ಹೆಚ್ಚುಕಡಿಮೆ ನಿಖರ ಸ್ಯಾಕೇಡ್‌ಗಳು ಬರುತ್ತವೆ. ಆದೇಶವೇ ಚಿಕ್ಕದಾಗಿದ್ದರೆ ನೆಗೆತ ಗಿಡ್ಡವಾಗುತ್ತದೆ, ಆದರೆ ಅದರ ಉದ್ದಕ್ಕೆ ಇರಬೇಕಾದ ವೇಗ ಬಹುತೇಕ ಉಳಿದಿರುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಚ್ಚಾಗಿ ಕಾಣುವುದು ಈ ಗಿಡ್ಡ ನೆಗೆತ. ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ಮೆದುಳಿನ ಕಾಯಿಲೆಯಲ್ಲಿ ಮೇಲೆ ಕೆಳಗಿನ ಸ್ಯಾಕೇಡ್‌ಗಳ ವೇಗ ಮೊದಲಿಗೆ ಕುಸಿಯುತ್ತದೆ, ಏಕೆಂದರೆ ಲಂಬ ದಿಕ್ಕಿನ ಬರ್ಸ್ಟ್ ಕೋಶಗಳು ನಡುಮೆದುಳಿನಲ್ಲಿವೆ, ಅಡ್ಡ ದಿಕ್ಕಿನವು ಅದಕ್ಕಿಂತ ಕೆಳಗೆ ಮೆದುಳುಕಾಂಡದ ಪಾನ್ಸ್ ಎಂಬ ಭಾಗದಲ್ಲಿವೆ. ಎರಡು ದಿಕ್ಕುಗಳನ್ನು ಹೋಲಿಸದೆ ಒಂದನ್ನೇ ಮಾದರಿಗೆ ಹೊಂದಿಸಿದರೆ ಇಷ್ಟು ಅಮೂಲ್ಯ ಮಾಹಿತಿ ಕೈತಪ್ಪಿಹೋಗುತ್ತದೆ. ರೋಗಿ ತೂಕಡಿಸುತ್ತಿದ್ದರೆ ಅಥವಾ ಬೆಂಜೊಡಯಾಜಪೀನ್ ವರ್ಗದ ಮಂಪರು ತರುವ ಔಷಧ ತೆಗೆದುಕೊಂಡಿದ್ದರೆ ಎಲ್ಲ ದಿಕ್ಕಿನ ವೇಗಗಳೂ ಇಳಿಯುತ್ತವೆ ಎಂಬುದನ್ನು ಮರೆಯಬಾರದು.

ಮಾದರಿ ಸೋತು ಕಲಿಸಿದ ಪ್ರಸಂಗವನ್ನೂ ಹೇಳಲೇಬೇಕು. ಸ್ಯಾಕೇಡ್ ಇಲ್ಲದಾಗ ಬರ್ಸ್ಟ್ ಕೋಶಗಳನ್ನು ತಡೆದು ಹಿಡಿಯುವ ಆಮ್ನಿಪಾಸ್ ನರಕೋಶಗಳು ಪಾನ್ಸ್‌ನಲ್ಲಿವೆ. ಅವು ನಾಶವಾದರೆ ಬರ್ಸ್ಟ್ ಕೋಶಗಳು ಕಡಿವಾಣವಿಲ್ಲದೆ ಎಡಕ್ಕೂ ಬಲಕ್ಕೂ ಸರದಿಯಂತೆ ಸಿಡಿದು ಕಣ್ಣು ಕಂಪಿಸಬೇಕು ಎಂಬುದು ಝೀ ಮತ್ತು ರಾಬಿನ್ಸನ್ 1979ರಲ್ಲಿ ಕಣ್ಣಿನ ಕಂಪನಗಳಿಗೆ ಕೊಟ್ಟ ವಿವರಣೆಯಿಂದ ಹೊರಡುವ ಸಹಜ ಊಹೆ. ಕನೆಕೊ 1996ರಲ್ಲಿ ಕೋತಿಗಳಲ್ಲಿ ಆ ಕೋಶಗಳನ್ನೇ ನಾಶಪಡಿಸಿ ನೋಡಿದಾಗ ಕಂಪನ ಬರಲಿಲ್ಲ, ಸ್ಯಾಕೇಡ್‌ಗಳು ನಿಧಾನವಾದವು. ಈ ಫಲಿತಾಂಶವನ್ನು ಬದಿಗೆ ಸರಿಸದೆ, ಮಿಯುರಾ ಮತ್ತು ಆಪ್ಟಿಕನ್ 2006ರಲ್ಲಿ ಬರ್ಸ್ಟ್ ಕೋಶದ ಪೊರೆಯ ಗುಣಗಳನ್ನು ಮಾದರಿಗೆ ಸೇರಿಸಿದರು. ತಡೆಯಲ್ಲಿದ್ದ ಕೋಶವನ್ನು ಹಠಾತ್ತನೆ ಬಿಟ್ಟಾಗ ಪೊರೆಯಲ್ಲಿರುವ ಟಿ ಬಗೆಯ ಕ್ಯಾಲ್ಸಿಯಂ ಚಾನೆಲ್‌ಗಳಿಂದ ಅದು ಹೆಚ್ಚಿನ ರಭಸದಿಂದ ಸಿಡಿಯುತ್ತದೆ. ಮೊದಲು ತಡೆಯೇ ಇಲ್ಲದಿದ್ದರೆ ಆ ರಭಸವೂ ಇರುವುದಿಲ್ಲ, ಸ್ಯಾಕೇಡ್ ನಿಧಾನವಾಗುತ್ತದೆ. ಅದೇ ರಭಸ ಅತಿಯಾದಾಗ ಸೆಕೆಂಡ್‌ಗೆ 10ರಿಂದ 15 ಬಾರಿ ಕಣ್ಣು ಅದುರುವ ಫ್ಲಟರ್ ಮತ್ತು ಆಪ್ಸೊಕ್ಲೋನಸ್ ಹೇಗೆ ಹುಟ್ಟಬಹುದು ಎಂಬುದಕ್ಕೂ ಅದರಿಂದಲೇ ದಾರಿ ಸಿಕ್ಕಿತು.

ಹೀಗಾಗಿ ನಿಮ್ಮ ರೋಗಿಗೆ ಈಗ ಮೂರನೆಯ ಸಾಧ್ಯತೆಯೂ ಸೇರಿಕೊಂಡಿತು. ಆಮ್ನಿಪಾಸ್ ಕೋಶಗಳು ಎಲ್ಲ ದಿಕ್ಕಿನ ಸ್ಯಾಕೇಡ್‌ಗಳಿಗೂ ಒಂದೇ ಆಗಿರುವುದರಿಂದ ಆ ದೋಷದಲ್ಲಿ ಅಡ್ಡ ಮತ್ತು ಲಂಬ ಎರಡೂ ನಿಧಾನವಾಗಬೇಕು. ಗುರಿಯನ್ನು ನಡುದಾರಿಯಲ್ಲಿ ಹಾರಿಸುವ ಪ್ರಯೋಗವನ್ನು ಮತ್ತೆ ಮಾಡಿಸಲು ಸಾಧ್ಯವಿದ್ದರೆ ದಯವಿಟ್ಟು ಮಾಡಿಸಿ.

ಉತ್ತರ | ಮಾದರಿಸಂಖ್ಯೆ

ಡೀಪ್ ಲರ್ನಿಂಗ್ ಬಗ್ಗೆ ನೀವು ಕೇಳಿದ್ದಕ್ಕೆ ಚಿಕ್ಕ ಉತ್ತರ. ಸಾವಿರಾರು ದಾಖಲೆಗಳನ್ನು ಶೋಧಿಸಿ ಯಾರನ್ನು ತಜ್ಞರು ಮೊದಲು ನೋಡಬೇಕು ಎಂದು ವಿಂಗಡಿಸಲು ಅದು ಖಂಡಿತ ಉಪಯುಕ್ತ, ಅದನ್ನು ಕೀಳಾಗಿ ಕಾಣುವುದು ಸರಿಯಲ್ಲ. ಆದರೆ ನಿಮ್ಮ ಪ್ರಶ್ನೆ ಕಾರಣಕ್ಕೆ ಸಂಬಂಧಿಸಿದ್ದು, ಮತ್ತು ನಿಮ್ಮಲ್ಲಿರುವ ದಾಖಲೆಗಳು ಕೆಲವೇ. ಒಂದು ಕಾಯಿಲೆಯ ದಾಖಲೆಗಳೆಲ್ಲ ಒಂದು ಉಪಕರಣದಿಂದ, ಇನ್ನೊಂದರವು ಬೇರೊಂದರಿಂದ ಬಂದಿದ್ದರೆ, ಡೀಪ್ ಲರ್ನಿಂಗ್ ಜಾಲವು ಕಾಯಿಲೆಯ ಬದಲು ಉಪಕರಣವನ್ನೇ ಗುರುತಿಸಲು ಕಲಿಯುತ್ತದೆ. ಮೇಲಿನ ಇಬ್ಬರು ಹೇಳಿದ ಇಳಿಜಾರು, ಸೆಳೆತ, ವೇಗ, ನಿಖರತೆಗಳನ್ನು ಲಕ್ಷಣಗಳಾಗಿ ತೆಗೆದು ಸರಳ ವರ್ಗೀಕರಣಕ್ಕೆ ಕೊಟ್ಟರೆ ಫಲಿತಾಂಶವನ್ನು ವೈದ್ಯರಿಗೆ ವಿವರಿಸಲೂ ಬರುತ್ತದೆ.

ಯಾವ ವಿಧಾನ ಹಿಡಿದರೂ ದಾಖಲೆಯ ಗುಣವನ್ನು ಮೊದಲು ಪರೀಕ್ಷಿಸಬೇಕು. 10 ಡಿಗ್ರಿಯ ಸ್ಯಾಕೇಡ್ ಮುಗಿಯುವುದು ಸುಮಾರು 45 ಮಿಲಿಸೆಕೆಂಡ್‌ನಲ್ಲಿ. 60 ಹರ್ಟ್ಸ್, ಅಂದರೆ ಸೆಕೆಂಡ್‌ಗೆ 60 ಚಿತ್ರಗಳ ಕ್ಯಾಮೆರಾದಲ್ಲಿ ಅಷ್ಟರೊಳಗೆ ಎರಡು ಮೂರು ಬಿಂದುಗಳು ಮಾತ್ರ ಸಿಗುತ್ತವೆ, ಅವುಗಳಿಂದ ಗರಿಷ್ಠ ವೇಗವನ್ನು ಹೇಳುವುದು ಊಹೆಯ ಮಾತಾಗುತ್ತದೆ. ನಿಧಾನ ಹಂತಗಳನ್ನು ಅಳೆಯಲು ಅದು ಸಾಕಾಗಬಹುದು, ಸ್ಯಾಕೇಡ್‌ಗೆ 500 ಹರ್ಟ್ಸ್ ಇದ್ದರೆ ನೆಮ್ಮದಿ. ಸ್ಥಾನದಿಂದ ವೇಗವನ್ನು ತೆಗೆಯುವಾಗ ಗದ್ದಲ ಹೆಚ್ಚುವುದರಿಂದ ಎಲ್ಲರೂ ಫಿಲ್ಟರ್ ಹಾಕುತ್ತೇವೆ. ಆ ಫಿಲ್ಟರ್ ಬಿಗಿಯಾದರೆ ಆರೋಗ್ಯವಂತರ ಸ್ಯಾಕೇಡ್ ಕೂಡ ನಿಧಾನವಾಗಿ ಕಾಣುತ್ತದೆ, ಆದ್ದರಿಂದ ಮಾದರಿಯ ಔಟ್‌ಪುಟ್ ಅನ್ನೂ ಅದೇ ಫಿಲ್ಟರ್ ಮೂಲಕ ಹಾಯಿಸಿದ ಮೇಲೆಯೇ ಹೋಲಿಸಬೇಕು. ಪಾಪೆಯನ್ನು ಹಿಂಬಾಲಿಸುವ ಉಪಕರಣಗಳಲ್ಲಿ ಸ್ಯಾಕೇಡ್‌ನ ಕೊನೆಗೆ ಕಾಣುವ ಚಿಕ್ಕ ಅಲುಗಾಟದಲ್ಲಿ ಪಾಪೆ ಮತ್ತು ಮಸೂರಗಳ ತೂಗಾಟವೂ ಸೇರಿರುತ್ತದೆ. ಅದನ್ನು ನರಮಂಡಲದ ದೋಷವೆಂದು ಮಾದರಿಗೆ ಸೇರಿಸಬಾರದು.

ಪ್ರಶ್ನೆ ಕೇಳಿದವರು | ತರಂಗಾನ್ವೇಷಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಲವು ಸ್ಥಾನಗಳ ದಾಖಲೆಗಳು ನನ್ನಲ್ಲಿ ಆಗಲೇ ಇದ್ದವು, ಆದರೆ ಅವುಗಳಿಗೆ ಮಾದರಿಯನ್ನು ಬೇರೆ ಬೇರೆಯಾಗಿ ಹೊಂದಿಸುತ್ತಿದ್ದೆ. ಈಗ ಎಲ್ಲವನ್ನೂ ಒಂದೇ ರೇಖೆಯಲ್ಲಿ ಇಟ್ಟಾಗ ಮೊದಲ ರೋಗಿಯ ಚಿತ್ರ ಸ್ಪಷ್ಟವಾಯಿತು. ರೇಖೆ ನಡುವಿನ ಹತ್ತಿರವೇ ಸೊನ್ನೆಯನ್ನು ದಾಟುತ್ತದೆ, ಎರಡೂ ಬದಿಗಳಲ್ಲಿ ಜಾರುವಿಕೆ ನಡುವಿನತ್ತ ಇದೆ. ಸೋರಿಕೆಯೇ ಕಾರಣವೆಂದು ಬರೆಯಬಹುದೆನಿಸುತ್ತದೆ.

ಆದರೆ ಕಿರುಮೆದುಳಿನ ಕಾಯಿಲೆಯಿರುವ ಇನ್ನೊಬ್ಬರಲ್ಲಿ ಹೊಸ ಗೊಂದಲವೊಂದು ಎದ್ದಿದೆ. ದಾಖಲೆಯ ಮೊದಲ ಭಾಗದ ಬಿಂದುಗಳನ್ನು ಮಾತ್ರ ತೆಗೆದುಕೊಂಡರೆ ನೇರ ನೋಟದ ಸೆಳೆತ ಎಡಕ್ಕಿದೆ, ಕೊನೆಯ ಭಾಗದವುಗಳಲ್ಲಿ ಬಲಕ್ಕಿದೆ. ಇಳಿಜಾರು ಎರಡರಲ್ಲೂ ಬಹುತೇಕ ಒಂದೇ. ಸರಾಸರಿ ತೆಗೆದರೆ ಸೆಳೆತವೇ ಇಲ್ಲವೆಂದಾಗುತ್ತದೆ. ಆ ದಾಖಲೆಯಲ್ಲಿ ಬಲಬದಿಯ ಸ್ಥಾನಗಳನ್ನು ಮೊದಲು, ಎಡಬದಿಯವನ್ನು ಅನಂತರ ಪರೀಕ್ಷಿಸಲಾಗಿದೆ, ನಡುನಡುವೆ ನೇರ ನೋಟಕ್ಕೆ ಮರಳಲಾಗಿದೆ. ಇದನ್ನು ಗದ್ದಲವೆಂದು ಬಿಟ್ಟುಬಿಡಬಹುದೇ?

ಉತ್ತರ | ಮೆದುಳುಕಾಂಡ

ಖಂಡಿತ ಬಿಡಬೇಡಿ, ಸರಾಸರಿಯನ್ನೂ ತೆಗೆಯಬೇಡಿ. ಇಳಿಜಾರು ಸ್ಥಿರವಾಗಿದ್ದು ಸೆಳೆತ ಮಾತ್ರ ಬದಲಾಗಿದೆ ಎಂದರೆ, ನೀವು ಸ್ಥಿರಾಂಕವೆಂದು ಭಾವಿಸಿದ್ದು ಕಾಲದೊಂದಿಗೆ ನಡೆಯುವ ಒಂದು ಸ್ಥಿತಿ. ಇದಕ್ಕೆ ಎರಡು ವಿವರಣೆಗಳಿವೆ, ಅವನ್ನು ಬೇರ್ಪಡಿಸುವುದು ಕಷ್ಟವಲ್ಲ.

ಮೊದಲನೆಯದು ರೀಬೌಂಡ್ ನಿಸ್ಟಾಗ್ಮಸ್. ಕಣ್ಣನ್ನು ಬಹಳ ಹೊತ್ತು ಬಲಕ್ಕೆ ಹಿಡಿದಿಟ್ಟಾಗ ಮೆದುಳು ಎಡಕ್ಕಾಗುವ ಜಾರುವಿಕೆಯನ್ನು ಎದುರಿಸಲು ಬಲದತ್ತ ಒಂದು ಸೆಳೆತವನ್ನು ನಿಧಾನವಾಗಿ ಬೆಳೆಸಿಕೊಳ್ಳುತ್ತದೆ. ನೇರ ನೋಟಕ್ಕೆ ಮರಳಿದಾಗ ಆ ಸೆಳೆತ ಉಳಿದಿದ್ದು, ಕಣ್ಣು ಕೆಲಕಾಲ ಬಲಕ್ಕೆ ಜಾರುತ್ತದೆ. ನಿಮ್ಮ ದಾಖಲೆಯಲ್ಲಿ ಬಲಬದಿ ಮೊದಲು ಬಂದಿದೆ. ರೀಬೌಂಡ್ ಆಗಿದ್ದರೆ ಮೊದಲ ಭಾಗದಲ್ಲಿ ನೇರ ನೋಟದ ಜಾರುವಿಕೆ ಬಲಕ್ಕಿರಬೇಕಿತ್ತು, ನೀವು ಬರೆದಿರುವುದು ಅದಕ್ಕೆ ವಿರುದ್ಧ. ರೀಬೌಂಡ್ ಸಾಮಾನ್ಯವಾಗಿ ಕೆಲವು ಸೆಕೆಂಡ್‌ಗಳಲ್ಲಿ, ಹೆಚ್ಚೆಂದರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಕರಗಿಹೋಗುತ್ತದೆ. ಪ್ರತಿ ಬಾರಿ ನೇರ ನೋಟಕ್ಕೆ ಮರಳಿದ ಮೇಲೆ ವೇಗ ಹೀಗೆ ಕುಗ್ಗುತ್ತ ಹೋಗಿದೆಯೇ ಎಂದು ನೋಡಿಕೊಳ್ಳಿ.

ಎರಡನೆಯದನ್ನು ನಾನು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ, ಅದು ಪೀರಿಯಾಡಿಕ್ ಆಲ್ಟರ್ನೇಟಿಂಗ್ ನಿಸ್ಟಾಗ್ಮಸ್. ಇದರಲ್ಲಿ ನೇರ ನೋಟದ ನಿಸ್ಟಾಗ್ಮಸ್ ಸುಮಾರು ಎರಡು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. ತಲೆ ತಿರುಗುವುದು ನಿಂತ ಮೇಲೂ ತಿರುಗುವಿಕೆಯ ಸಂಕೇತವನ್ನು ಕೆಲಕಾಲ ಉಳಿಸಿಕೊಳ್ಳುವ ವೇಗಸಂಗ್ರಹ ವ್ಯವಸ್ಥೆಯೊಂದು ಮೆದುಳುಕಾಂಡದಲ್ಲಿದೆ. ಕಿರುಮೆದುಳಿನ ನಾಡ್ಯುಲಸ್ ಮತ್ತು ಯುವ್ಯುಲಾ ಅದನ್ನು ಹತೋಟಿಯಲ್ಲಿಡುತ್ತವೆ. ಆ ಹತೋಟಿ ತಪ್ಪಿದಾಗ ಸಂಗ್ರಹ ಅಸ್ಥಿರವಾಗಿ ಒಂದು ದಿಕ್ಕಿಗೆ ಬೆಳೆಯುತ್ತದೆ, ಹೊಂದಾಣಿಕೆಯ ವ್ಯವಸ್ಥೆ ಅದನ್ನು ಎಳೆದು ಎದುರು ದಿಕ್ಕಿಗೆ ದಾಟಿಸುತ್ತದೆ, ಮತ್ತೆ ಅದೇ ಆವರ್ತನೆ. ಜಾನ್ ಲೀ, ರಾಬಿನ್ಸನ್ ಮತ್ತು ಝೀ 1981ರಲ್ಲಿ ಕಟ್ಟಿದ ಮಾದರಿ ಇದೇ. ನಿಮ್ಮ ಮಾದರಿಯಲ್ಲಿ ಸೆಳೆತದ ಸ್ಥಿರಾಂಕವನ್ನು ತೆಗೆದು, ಅದರ ಜಾಗದಲ್ಲಿ ವೇಗಸಂಗ್ರಹ ಮತ್ತು ಹೊಂದಾಣಿಕೆ ಎಂಬ ಎರಡು ನಿಧಾನ ಸ್ಥಿತಿಗಳನ್ನು ಇಟ್ಟರೆ ಇಳಿಜಾರನ್ನು ಮುಟ್ಟದೆಯೇ ದಿಕ್ಕು ಬದಲಾಗುವುದನ್ನು ಮೂಡಿಸಬಹುದು.

ಇದನ್ನು ಖಚಿತಪಡಿಸಲು ಇರುವ ದಾಖಲೆ ಸಾಲದು. ರೋಗಿಯನ್ನು ನೇರವಾಗಿ ನೋಡುತ್ತ ಕೂರಿಸಿ ಕನಿಷ್ಠ ಐದಾರು ನಿಮಿಷ ಸತತವಾಗಿ ದಾಖಲಿಸಬೇಕು. ಚಿಕ್ಕ ಚಿಕ್ಕ ತುಣುಕುಗಳಲ್ಲಿ ದಾಖಲಿಸುವ ಅಭ್ಯಾಸದಿಂದಲೇ ಈ ಸ್ಥಿತಿ ಎಷ್ಟೋ ಬಾರಿ ಕಣ್ತಪ್ಪಿಹೋಗುತ್ತದೆ. ಒಂದು ದಿನ ಎಡಕ್ಕೆ, ಇನ್ನೊಂದು ದಿನ ಬಲಕ್ಕೆ ಎಂದು ಬರೆದ ಟಿಪ್ಪಣಿಗಳನ್ನು ಬರೆದವರ ತಪ್ಪೆಂದು ಯಾರೋ ತಿದ್ದಿರುತ್ತಾರೆ.

ದಯವಿಟ್ಟು ಇದನ್ನು ಪ್ರಬಂಧ ಬರೆದು ಮುಗಿಯುವವರೆಗೆ ಇಟ್ಟುಕೊಳ್ಳಬೇಡಿ. ಹುಟ್ಟಿನಿಂದಿರದೆ ನಂತರ ಬಂದ ಪೀರಿಯಾಡಿಕ್ ಆಲ್ಟರ್ನೇಟಿಂಗ್ ನಿಸ್ಟಾಗ್ಮಸ್ ಹೆಚ್ಚಾಗಿ ಬ್ಯಾಕ್ಲೊಫೆನ್ ಎಂಬ ಔಷಧಕ್ಕೆ ಮಣಿಯುತ್ತದೆ, ಕಣ್ಣಿನ ಚಲನೆಯ ಕಾಯಿಲೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಔಷಧಕ್ಕೆ ಮಣಿಯುವವು ವಿರಳ. ನಿಮಗೆ ರೋಗಿಯ ಹೆಸರು ಗೊತ್ತಿಲ್ಲವಾದರೂ ದಾಖಲೆಯ ಸಂಕೇತಸಂಖ್ಯೆ ಇರುತ್ತದೆ. ಅದನ್ನು ನಿಮ್ಮ ಮಾರ್ಗದರ್ಶಕರ ಮೂಲಕ, ಮೊದಲ ಮತ್ತು ಕೊನೆಯ ಭಾಗದ ಎರಡು ರೇಖೆಗಳೊಂದಿಗೆ, ದಾಖಲೆ ಕೊಟ್ಟ ವೈದ್ಯರಿಗೆ ಈ ವಾರವೇ ತಲುಪಿಸಿ. ನಿರ್ಧಾರ ಅವರದು, ದೀರ್ಘ ದಾಖಲೆಯನ್ನು ತೆಗೆಯಲು ರೋಗಿಯನ್ನು ಮತ್ತೆ ಕರೆಸಬಲ್ಲವರೂ ಅವರೇ.